ಹಳೇ ಬಂದರಿನ ಹಂಚಿನ ಗೋದಾಮನ್ನು ವಿನ್ಯಾಸ ಸ್ಟುಡಿಯೋ ಮಾಡಬಹುದೇ? ಬೆಳಕು, ಮಳೆ ಮತ್ತು ಬಾಡಿಗೆಯ ಬಗ್ಗೆ ಸಲಹೆ ಬೇಕು

ಬಂದರುಬದಿ:

ಮಂಗಳೂರಿನ ಹಳೇ ಬಂದರಿನ ಹಿಂದಿನ ಓಣಿಗಳಲ್ಲಿ ಸಾಲಾಗಿ ನಿಂತಿರುವ ಹಂಚಿನ ಗೋದಾಮುಗಳನ್ನು ಇಲ್ಲಿ ಅನೇಕರು ನೋಡಿರುತ್ತೀರಿ. ಪಣಂಬೂರಿನ ನವಮಂಗಳೂರು ಬಂದರನ್ನು 1974ರಲ್ಲಿ ಪ್ರಮುಖ ಬಂದರು ಎಂದು ಘೋಷಿಸಿದ ಮೇಲೆ ದೊಡ್ಡ ಹಡಗುಗಳ ವ್ಯವಹಾರ ಅತ್ತ ಸರಿಯಿತು. ಇತ್ತ ಮೀನುಗಾರಿಕೆ, ಲಕ್ಷದ್ವೀಪಕ್ಕೆ ಹೋಗುವ ಸರಕು ಮತ್ತು ದಿನಸಿಯ ಸಗಟು ವ್ಯಾಪಾರ ಉಳಿಯಿತು. ಹಾಗಾಗಿ ಕೆಲವು ಗೋದಾಮುಗಳು ಈಗಲೂ ತುಂಬಿ ತುಳುಕುತ್ತಿವೆ, ಕೆಲವು ಬೀಗ ಹಾಕಿಕೊಂಡು ಕುಳಿತಿವೆ.

ಅಂಥ ಬೀಗ ಹಾಕಿದ ಒಂದು ಗೋದಾಮು ನಮಗೆ ಬಾಡಿಗೆಗೆ ಸಿಗುವ ಸಾಧ್ಯತೆ ಇದೆ. ನಾವು ನಾಲ್ವರು ಗೆಳೆಯರು: ಒಬ್ಬರು ಪುಸ್ತಕಗಳ ಮುಖಪುಟ ಮಾಡುತ್ತಾರೆ, ಒಬ್ಬರು ಗೋಡಂಬಿ ಮತ್ತು ಮಸಾಲೆ ಪೊಟ್ಟಣಗಳ ವಿನ್ಯಾಸ ಮಾಡುತ್ತಾರೆ, ಒಬ್ಬರು ಬಟ್ಟೆಯ ಮೇಲೆ ಅಚ್ಚು ಹಾಕುತ್ತಾರೆ, ನಾನು ಮರದ ಪೀಠೋಪಕರಣ ಮಾಡುತ್ತೇನೆ. ಕಟ್ಟಡ 60 ಅಡಿ ಉದ್ದ, 30 ಅಡಿ ಅಗಲ ಇದೆ. ಕೆಂಪು ಕಲ್ಲಿನ ದಪ್ಪ ಗೋಡೆ, ಎರಡು ಇಳಿಜಾರಿನ ಹಂಚಿನ ಮಾಡು (ಛಾವಣಿ), ಮುಂದೆ ಎರಡು ಕದಗಳ ಒಂದೇ ಬಾಗಿಲು, ಹಿಂದೆ ಎತ್ತರದಲ್ಲಿ ಸರಳು ಹಾಕಿದ ಎರಡು ಸಣ್ಣ ಕಿಟಕಿಗಳು. ಮಾಡಿನ ಉದ್ದ ಪೂರ್ವ ಪಶ್ಚಿಮವಾಗಿರುವುದರಿಂದ ಒಂದು ಇಳಿಜಾರು ಉತ್ತರಕ್ಕೆ, ಇನ್ನೊಂದು ದಕ್ಷಿಣಕ್ಕೆ ಮುಖ ಮಾಡಿದೆ. ನಡುಹಗಲಿನಲ್ಲೂ ಒಳಗೆ ದೀಪ ಹಾಕದೆ ಅಕ್ಷರ ಕಾಣುವುದಿಲ್ಲ. ಬಣ್ಣವನ್ನು ನೋಡಿ ಕೆಲಸ ಮಾಡುವವರಿಗೆ ಇದು ದೊಡ್ಡ ತೊಡಕು.

ಕಟ್ಟಡದ ಯಜಮಾನರು ಕೇಳುತ್ತಿರುವ ಬಾಡಿಗೆ ನಮ್ಮ ಕೈಗೆಟಕುವಂತಿದೆ. ಆದರೆ ದುರಸ್ತಿಯನ್ನು ನಾವೇ ಮಾಡಿಸಿಕೊಳ್ಳಬೇಕು ಎನ್ನುತ್ತಿದ್ದಾರೆ. ಕೈಯಲ್ಲಿರುವ ಹಣವನ್ನು ಮೊದಲು ಯಾವುದಕ್ಕೆ ಹಾಕಬೇಕು, ಯಾವುದನ್ನು ಮುಟ್ಟದೆ ಬಿಡಬೇಕು ಎಂಬುದನ್ನು ತಿಳಿದವರು ಹೇಳಿದರೆ ಉಪಕಾರವಾಗುತ್ತದೆ.

ಮಾಡುಮರ:

ಕರಾವಳಿಯ ಹಳೆಯ ಕಟ್ಟಡಗಳ ದುರಸ್ತಿಯೇ ನನ್ನ ಕಸುಬು. ನನ್ನ ಅಭಿಪ್ರಾಯವನ್ನು ಮೊದಲೇ ಹೇಳಿಬಿಡುತ್ತೇನೆ: ಹಣದ ದೊಡ್ಡ ಪಾಲು ಮಾಡಿಗೆ ಹೋಗಲಿ, ಏಕೆಂದರೆ ನಿಮಗೆ ಬೇಕಾದ ಬೆಳಕು ಬರುವುದೂ ಬೇಡವಾದ ನೀರು ಬರುವುದೂ ಅಲ್ಲಿಂದಲೇ. ಗೋಡೆ ಒಡೆದು ದೊಡ್ಡ ಕಿಟಕಿ ಇಡುವುದು, ನೆಲಕ್ಕೆ ಹೊಳೆಯುವ ಟೈಲ್ಸ್ ಹಾಸುವುದು, ಜಿಪ್ಸಮ್ ಸೀಲಿಂಗ್ ಕಟ್ಟುವುದು, ಇವು ಯಾವುವೂ ಈ ಹಂತದಲ್ಲಿ ಬೇಡ.

ಕರಾರಿಗೆ ಸಹಿ ಹಾಕುವ ಮುನ್ನ ಒಬ್ಬ ಅನುಭವಿ ಬಡಗಿಯನ್ನು ಕರೆದುಕೊಂಡು ಏಣಿ ಹತ್ತಿ. ಪಕ್ಕಾಸುಗಳ (ಮಾಡನ್ನು ಹೊರುವ ಇಳಿಜಾರಿನ ಮರಗಳ) ನಡುಭಾಗವನ್ನು ನೋಡಿ ಸಮಾಧಾನಪಡಬೇಡಿ. ಅವು ಗೋಡೆಯ ಮೇಲೆ ಕೂರುವ ತುದಿಯನ್ನು ನೋಡಿ. ಸೂರಿನ ಹತ್ತಿರ ಒಂದು ಹಂಚು ಸರಿದಿದ್ದರೂ ವರ್ಷಗಟ್ಟಲೆ ನೀರು ಆ ತುದಿಯಲ್ಲೇ ಇಂಗಿರುತ್ತದೆ. ಒಂದು ಉಳಿಯನ್ನು ಮರದ ಎಳೆಗೆ ಅಡ್ಡವಾಗಿ ಒತ್ತಿದಾಗ ಅದು ಕೂದಲೆಳೆಯಷ್ಟು ಮಾತ್ರ ಇಳಿದು ನಿಂತರೆ ಮರ ಗಟ್ಟಿಯಾಗಿದೆ. ಅರ್ಧ ಇಂಚು ಸಲೀಸಾಗಿ ಇಳಿದು, ಹೊರತೆಗೆದಾಗ ಕಂದು ಪುಡಿ ಉದುರಿದರೆ ಆ ತುದಿ ಹೋಗಿದೆ ಎಂದರ್ಥ. ಹಾಗೆಂದು ಇಡೀ ಪಕ್ಕಾಸನ್ನು ಎಸೆಯಬೇಕಾಗಿಲ್ಲ. ಹಾಳಾದ ತುದಿಯನ್ನು ಕತ್ತರಿಸಿ, ಓರೆಯಾಗಿ ಸೀಳಿ, ಅದೇ ಜಾತಿಯ ಮರದ ತುಂಡನ್ನು ಕೂಡಿಸಿ ಬೋಲ್ಟ್ ಹಾಕಿದರೆ ಸಾಕು. ಹಳೆಯ ಕಟ್ಟಡಗಳಲ್ಲಿ ಕಿರಾಲ್‌ಬೋಗಿ ಅಥವಾ ಬಲಿತ ತಾಳೆಮರ ಬಳಸಿರುವುದುಂಟು. ಅಂಥ ಮರವನ್ನು ಈಗ ಹೊಸದಾಗಿ ಕೊಳ್ಳಲು ಹೋದರೆ ನಿಮ್ಮ ಬಜೆಟ್ ಅಲ್ಲಿಗೇ ಮುಗಿಯುತ್ತದೆ. ಹಂಚು ಕೂರುವ ಅಡ್ಡಪಟ್ಟಿಗಳಾದ ರೀಪುಗಳು ಮಾತ್ರ ಬಹುಮಟ್ಟಿಗೆ ಹೊಸದಾಗಿ ಬೇಕಾಗುತ್ತವೆ.

ಇನ್ನು ಹಂಚು. ಕ್ರೈಸ್ತ ಮಿಷನರಿ ಸಂಸ್ಥೆಯಾದ ಬಾಸೆಲ್ ಮಿಷನ್‌ನವರು 1865ರಲ್ಲಿ ಮಂಗಳೂರಿನ ಜೆಪ್ಪುವಿನಲ್ಲಿ ಮೊದಲ ಹಂಚಿನ ಕಾರ್ಖಾನೆ ತೆರೆದಾಗಿನಿಂದ ಈ ಹಂಚಿನ ಗುಣವೇನೆಂದರೆ, ಒಂದಕ್ಕೊಂದು ಕಚ್ಚಿಕೊಂಡು ಕೂರುವುದರಿಂದ ಒಡೆದ ಒಂದನ್ನು ಮಾತ್ರ ಎತ್ತಿ ಬೇರೆಯದನ್ನು ಕೂರಿಸಬಹುದು. ಒಂದು ಚದರ ಮೀಟರಿಗೆ ಸುಮಾರು 15 ಹಂಚು ಹಿಡಿಯುತ್ತದೆ. ನಿಮ್ಮ ನೆಲ ಸುಮಾರು 167 ಚದರ ಮೀಟರ್. ಇಳಿಜಾರನ್ನೂ ಸೂರನ್ನೂ ಸೇರಿಸಿದರೆ 3,000ಕ್ಕಿಂತ ಹೆಚ್ಚು ಹಂಚುಗಳಿರುತ್ತವೆ. ಎಲ್ಲವನ್ನೂ ಇಳಿಸಿ, ತೊಳೆದು, ತಟ್ಟಿ ನೋಡಿ, ಕಣಕಣ ಎನ್ನುವುದನ್ನು ಉಳಿಸಿಕೊಂಡು ಮತ್ತೆ ಹೊದಿಸಿ. ಈ ಕೆಲಸ ಮೇ ತಿಂಗಳ ಮಧ್ಯದೊಳಗೆ ಮುಗಿಯಲೇಬೇಕು.

ಹುಬ್ಬಳ್ಳಿಗಿರಣಿ:

ನಾವು ಹುಬ್ಬಳ್ಳಿಯಲ್ಲಿ ಹಳೆಯ ಹತ್ತಿ ಗೋದಾಮಿನಲ್ಲಿ ಕಚೇರಿ ಮಾಡಿಕೊಂಡಿದ್ದೇವೆ. ಮರ, ಹಂಚು ಎಲ್ಲವನ್ನೂ ತೆಗೆದು ಉಕ್ಕಿನ ಟ್ರಸ್ ಮೇಲೆ ಬಣ್ಣದ ಶೀಟು ಹಾಕಿ, ನಡುನಡುವೆ ಪಾರದರ್ಶಕ ಪಾಲಿಕಾರ್ಬೊನೇಟ್ ಶೀಟು ಕೂರಿಸಿದೆವು. ಕೆಲಸ ಬೇಗ ಮುಗಿಯಿತು, ಪ್ರತಿವರ್ಷ ಹಂಚು ಸರಿಪಡಿಸುವವರನ್ನು ಹುಡುಕುವ ತಲೆನೋವು ಇಲ್ಲ, ಒಳಗೆ ಬೆಳಕೂ ಧಾರಾಳವಾಗಿದೆ. ಹಂಚು ಹೊದಿಸಲು ಬಲ್ಲ ಕೈಗಳು ಕಡಿಮೆಯಾಗುತ್ತಿರುವ ಈ ಕಾಲದಲ್ಲಿ ನೀವೇಕೆ ಅದನ್ನೇ ಹಿಡಿದುಕೊಂಡಿರಬೇಕು?

ಮಾಡುಮರ:

ನಿಮ್ಮ ಊರಿಗೆ ಅದು ಸರಿ ಇರಬಹುದು. ಮಂಗಳೂರಿನಲ್ಲಿ ವರ್ಷಕ್ಕೆ ಮೂರೂವರೆ ಸಾವಿರ ಮಿಲಿಮೀಟರಿಗಿಂತ ಹೆಚ್ಚು ಮಳೆ ಬೀಳುತ್ತದೆ, ಅದರ ಬಹುಪಾಲು ಜೂನ್‌ನಿಂದ ಸೆಪ್ಟೆಂಬರ್‌ವರೆಗಿನ ನಾಲ್ಕು ತಿಂಗಳಲ್ಲೇ. ಆಷಾಢದ ಮಳೆ ಬರಿಯ ಲೋಹದ ಶೀಟಿನ ಮೇಲೆ ಸುರಿಯುವಾಗ ಕೆಳಗೆ ಕುಳಿತವರು ಫೋನಿನಲ್ಲಿ ಗ್ರಾಹಕರೊಂದಿಗೆ ಮಾತನಾಡಲಾರರು, ಪಕ್ಕದವರ ಮಾತೂ ಕೇಳಿಸದು. ಸಮುದ್ರದ ಉಪ್ಪು ಗಾಳಿಗೆ ಸ್ಕ್ರೂಗಳ ಸುತ್ತ ತುಕ್ಕು ಹಿಡಿಯುವುದು ಎರಡನೆಯ ತೊಂದರೆ. ಬೇಸಿಗೆಯಲ್ಲಿ ಶೀಟಿನ ಬಿಸಿ ನೇರವಾಗಿ ತಲೆಯ ಮೇಲೆ ಇಳಿಯುವುದರಿಂದ ಏಸಿ ಹಾಕಬೇಕಾಗುತ್ತದೆ, ಆಗ ಉಳಿಸಿದ ಹಣ ಕರೆಂಟು ಬಿಲ್ಲಿಗೆ ಹೋಗುತ್ತದೆ. ಹಂಚಿನ ಮಾಡಿನಲ್ಲಿ ಸಂದುಗಳ ಮೂಲಕ ಬಿಸಿಗಾಳಿ ಹೊರಹೋಗುತ್ತದೆ. ನಮ್ಮ ಹಿರಿಯರು ರೀಪಿನ ಮೇಲೆ ಚಪ್ಪಟೆ ಸೀಲಿಂಗ್ ಹಂಚು ಹಾಸಿ ಅದರ ಮೇಲೆ ಮಂಗಳೂರು ಹಂಚು ಹೊದಿಸುತ್ತಿದ್ದರು. ಎರಡರ ನಡುವಿನ ಗಾಳಿಯ ಪದರವೇ ಬಿಸಿಯನ್ನು ತಡೆಯುತ್ತಿತ್ತು. ಹಣ ಸಾಲದಿದ್ದರೆ ಮೇಜುಗಳು ಇರುವ ಭಾಗದ ಮೇಲಾದರೂ ಅದನ್ನು ಮಾಡಿಸಿ.

ಇನ್ನೊಂದು ಎಚ್ಚರಿಕೆ. ಬಂದರಿನ ಕೆಲವು ಗೋದಾಮುಗಳ ಹಿಂಬದಿಯ ಚಾಚಿನಲ್ಲಿ ಹಳೆಯ ಸಿಮೆಂಟ್ ಶೀಟು ಇರುತ್ತದೆ. ಅದರಲ್ಲಿ ಕಲ್ನಾರು (ಆಸ್ಬೆಸ್ಟಾಸ್) ಇರುವ ಸಾಧ್ಯತೆ ಹೆಚ್ಚು. ಅದನ್ನು ಕೊರೆಯುವುದು, ಗರಗಸ ಹಾಕುವುದು, ಒಡೆದು ಕೆಳಗೆ ಹಾಕುವುದು ಕೂಡದು. ತೆಗೆಯಲೇಬೇಕಾದರೆ ನೀರು ಹಾಕಿ ಒದ್ದೆ ಮಾಡಿ, ಮುಖಕ್ಕೆ ತಕ್ಕ ಮುಖಗವಸು ಹಾಕಿಕೊಂಡು, ಇಡಿಯಾಗಿಯೇ ಇಳಿಸಬೇಕು. ಅದರ ಎಳೆಗಳು ಶ್ವಾಸಕೋಶಕ್ಕೆ ಹೋದರೆ ಕಾಯಿಲೆ ಕಾಣಿಸುವುದು ದಶಕಗಳ ನಂತರ.

ಅಚ್ಚುಮನೆ:

ನಾನು ಮುದ್ರಣದ ಕೆಲಸದಲ್ಲಿರುವವನು, ಬೆಳಕಿನ ಬಗ್ಗೆ ಹೇಳುತ್ತೇನೆ. ಉತ್ತರದ ಬೆಳಕು ಕಲಾವಿದರಿಗೆ ಒಳ್ಳೆಯದು ಎಂಬ ಮಾತನ್ನು ಎಲ್ಲರೂ ಕೇಳಿದ್ದೇವೆ. ಆ ಮಾತು ಹುಟ್ಟಿದ್ದು ಸೂರ್ಯ ಎಂದಿಗೂ ನೆತ್ತಿಗೆ ಬಾರದ ಯುರೋಪಿನಲ್ಲಿ. ಮಂಗಳೂರು ಇರುವುದು ಸುಮಾರು 12.9 ಡಿಗ್ರಿ ಉತ್ತರ ಅಕ್ಷಾಂಶದಲ್ಲಿ. ಏಪ್ರಿಲ್ ಕೊನೆಯ ವಾರದಿಂದ ಆಗಸ್ಟ್ ಮೂರನೆಯ ವಾರದವರೆಗೆ ಇಲ್ಲಿ ನಡುಹಗಲಿನ ಸೂರ್ಯ ಉತ್ತರದ ಕಡೆಗೇ ಇರುತ್ತಾನೆ. ಅದಕ್ಕಿಂತ ಮುಖ್ಯವಾದುದೊಂದಿದೆ: ಡಿಸೆಂಬರಿನಲ್ಲಿ ಸೂರ್ಯ ದಕ್ಷಿಣಕ್ಕೆ ಅತಿ ಹೆಚ್ಚು ವಾಲಿದಾಗಲೂ ನಡುಹಗಲಿನಲ್ಲಿ ಸುಮಾರು 54 ಡಿಗ್ರಿ ಎತ್ತರದಲ್ಲಿರುತ್ತಾನೆ. ನಿಮ್ಮ ಮಾಡಿನ ಇಳಿಜಾರು 30 ಡಿಗ್ರಿಯ ಆಸುಪಾಸು ಇದ್ದರೆ, ಉತ್ತರದ ಇಳಿಜಾರಿನಲ್ಲಿ ಇಟ್ಟ ಗಾಜಿನ ಹಂಚಿನ ಮೂಲಕವೂ ವರ್ಷವಿಡೀ ನೇರ ಬಿಸಿಲು ಒಳಗೆ ಬೀಳುತ್ತದೆ. ಕಂಪ್ಯೂಟರ್ ಪರದೆಯ ಮೇಲೆ, ಒಣಗಲು ಹಾಕಿದ ಬಟ್ಟೆಯ ಮೇಲೆ ಬಿಸಿಲಿನ ಚೌಕಗಳು ಗಂಟೆಗಂಟೆಗೂ ಸರಿದಾಡುತ್ತಿದ್ದರೆ ಬಣ್ಣದ ಕೆಲಸ ಸಾಗದು.

ಆದ್ದರಿಂದ ಗಾಜಿನ ಹಂಚು ಹಾಕಿ, ಆದರೆ ಅದರ ಕೆಳಗೆ ಬೆಳಕನ್ನು ಹರಡುವ ಪದರವೊಂದು ಇರಲಿ. ಪಕ್ಕಾಸುಗಳ ನಡುವೆ ಹಾಲುಬಣ್ಣದ ಪಾಲಿಕಾರ್ಬೊನೇಟ್ ಹಲಗೆಯನ್ನು ಬಿಚ್ಚಲು ಬರುವಂತೆ ಕೂರಿಸಬಹುದು; ಅಗ್ಗದಲ್ಲಿ ಆಗಬೇಕೆಂದರೆ ಬಿಳಿಯ ಕೋರಾ ಬಟ್ಟೆಯನ್ನು ಚೌಕಟ್ಟಿಗೆ ಬಿಗಿದು ನೇತುಹಾಕಬಹುದು. ಬಟ್ಟೆಯನ್ನು ಮಳೆಗಾಲ ಮುಗಿದ ಮೇಲೆ ಇಳಿಸಿ ಒಗೆಯಬೇಕು, ಇಲ್ಲದಿದ್ದರೆ ಬೂಷ್ಟು ಹಿಡಿಯುತ್ತದೆ.

ಎಷ್ಟು ಹಂಚು ಬೇಕು ಎಂಬುದಕ್ಕೆ ಒಂದು ಅಂದಾಜು ಲೆಕ್ಕ ಮಾಡೋಣ. ನೆಲದ ವಿಸ್ತೀರ್ಣದ 5% ಎಂದರೆ ಸುಮಾರು 8.4 ಚದರ ಮೀಟರ್, ಅಂದರೆ ಹತ್ತಿರಹತ್ತಿರ 125 ಗಾಜಿನ ಹಂಚು. ದಟ್ಟ ಮೋಡ ಕವಿದ ದಿನ ಹೊರಗೆ 10,000 ಲಕ್ಸ್ (ಬೆಳಕಿನ ಪ್ರಮಾಣದ ಅಳತೆ) ಬೆಳಕಿದೆ ಎಂದಿಟ್ಟುಕೊಳ್ಳಿ. ಗಾಜು, ಧೂಳು, ಹರಡುವ ಪದರ, ಗೋಡೆಗಳು ಎಲ್ಲವೂ ತಮ್ಮ ಪಾಲನ್ನು ನುಂಗಿದ ಮೇಲೆ ಮೇಜಿನ ಮೇಲೆ ಸರಾಸರಿ 150 ಲಕ್ಸ್ ಉಳಿದರೆ ಹೆಚ್ಚು. ಓಡಾಡಲು, ಮಾತನಾಡಲು, ಪರದೆಯ ಮೇಲೆ ಕೆಲಸ ಮಾಡಲು ಅದು ಸಾಕು. ಸೂಕ್ಷ್ಮವಾಗಿ ಬರೆಯಲು, ಕತ್ತರಿಸಲು 500 ಲಕ್ಸ್ ಬೇಕು, ಆ ಕೊರತೆಯನ್ನು ಮೇಜಿನ ದೀಪ ತುಂಬಬೇಕು. 250 ಗಾಜಿನ ಹಂಚು ಹಾಕಿ ದೀಪವೇ ಬೇಡವೆನ್ನುವ ಆಸೆ ಯಾರಿಗೂ ಬೇಡ. ಮಾರ್ಚ್ ತಿಂಗಳಲ್ಲಿ ಅದರ ಕೆಳಗೆ ಕೂರಲಾಗದು.

ಬಣ್ಣ ಹೋಲಿಸುವ ಕೆಲಸಕ್ಕೆ ಹಗಲು ಬೆಳಕನ್ನು ನಂಬಬೇಡಿ, ಅದು ಮೋಡದೊಂದಿಗೆ ಬದಲಾಗುತ್ತದೆ. ಒಂದು ಮೂಲೆಯಲ್ಲಿ ಬೂದು ಬಣ್ಣದ ಗೋಡೆ, 5000 ಕೆಲ್ವಿನ್ (ಹಗಲು ಬೆಳಕಿನಂಥ ಬಿಳಿ) ದೀಪ, ಅದರ ಬಣ್ಣ ತೋರಿಸುವ ಸೂಚ್ಯಂಕ (ಬಣ್ಣಗಳನ್ನು ಎಷ್ಟು ನೈಜವಾಗಿ ತೋರಿಸುತ್ತದೆ ಎಂಬ ಅಂಕ) 90ಕ್ಕಿಂತ ಹೆಚ್ಚು, ಇಷ್ಟಿದ್ದರೆ ಮುದ್ರಣಾಲಯದಲ್ಲಿ ನೋಡುವ ಬಣ್ಣವೂ ನಿಮ್ಮಲ್ಲಿ ನೋಡುವ ಬಣ್ಣವೂ ಹೊಂದುತ್ತವೆ.

ಬಂದರುಬದಿ:

ಅಚ್ಚುಮನೆಯವರ ಲೆಕ್ಕ ನಮ್ಮ ಯೋಚನೆಯನ್ನೇ ಬದಲಿಸಿತು. ಉತ್ತರದ ಇಳಿಜಾರಿನಲ್ಲಿ ಉದ್ದಕ್ಕೂ ಗಾಜು ಹಾಕುವ ಯೋಚನೆಯಲ್ಲಿದ್ದೆವು. ಈಗ ಮೇಜುಗಳಿರುವ ಭಾಗದ ಮೇಲೆ ಮಾತ್ರ, ಎರಡೂ ಇಳಿಜಾರಿನಲ್ಲಿ ಹಂಚಿ ಹಾಕುವುದು ಮೇಲು ಎನಿಸುತ್ತಿದೆ.

ಗೋಡೆಯ ಬಗ್ಗೆ ಒಂದು ಪ್ರಶ್ನೆ. ಬಲಗಡೆಯ ಗೋಡೆಯಲ್ಲಿ ನೆಲದಿಂದ ಮೂರು ಅಡಿ ಎತ್ತರದವರೆಗೆ ಗಾರೆ ಉದುರಿದೆ. ಕಲ್ಲಿನ ಮೇಲೆ ಬಿಳಿಯ ಹುಡಿ ಕಾಣುತ್ತದೆ, ಬೆರಳಿಗೆ ಹತ್ತಿಸಿಕೊಂಡು ನಾಲಿಗೆಗೆ ಮುಟ್ಟಿಸಿದರೆ ಉಪ್ಪು. ಅಲ್ಲಿ ಹಿಂದೆ ಒಣಮೀನಿನ ಚೀಲಗಳನ್ನು ಪೇರಿಸುತ್ತಿದ್ದರಂತೆ. ಗುತ್ತಿಗೆದಾರರೊಬ್ಬರು ವಾಟರ್‌ಪ್ರೂಫ್ ಸಿಮೆಂಟ್ ಪ್ಲಾಸ್ಟರ್ ಹಾಕಿ ಮುಚ್ಚಿಬಿಡೋಣ ಎಂದರು.

ಮಾಡುಮರ:

ದಯವಿಟ್ಟು ಅದನ್ನು ಮಾಡಿಸಬೇಡಿ. ಕೆಂಪು ಕಲ್ಲು ತೂತು ತೂತಾದ ಕಲ್ಲು. ನೆಲದಿಂದ ತೇವವನ್ನು ಮೇಲೆ ಎಳೆಯುತ್ತದೆ, ಮೈಯಿಂದ ಹೊರಗೆ ಬಿಡುತ್ತದೆ. ಹೊರಗೆ ಬಿಡುವ ದಾರಿಯನ್ನು ಸಿಮೆಂಟಿನಿಂದ ಮುಚ್ಚಿದರೆ ತೇವ ಇನ್ನೂ ಮೇಲಕ್ಕೆ ಏರಿ, ಪ್ಲಾಸ್ಟರ್ ಮುಗಿದಲ್ಲಿ ಹೊರಬರುತ್ತದೆ. ಜೊತೆಗೆ ಉಪ್ಪು ಸಿಮೆಂಟಿನ ಹಿಂದೆ ಹರಳುಗಟ್ಟಿ ಉಬ್ಬಿ, ಒಂದು ದಿನ ಇಡೀ ಹಾಳೆಯನ್ನೇ ಕಲ್ಲಿನ ಚೂರಿನೊಂದಿಗೆ ಕೆಳಗೆ ತಳ್ಳುತ್ತದೆ.

ಮಾಡಬೇಕಾದುದು ಇದು. ಸಡಿಲವಾದ ಗಾರೆಯನ್ನೆಲ್ಲ ಕೆರೆದು, ಒಣಗಿದ ಬ್ರಷ್ಷಿನಿಂದ ಉಪ್ಪಿನ ಹುಡಿಯನ್ನು ಗುಡಿಸಿ ಹೊರಗೆ ಎಸೆಯಿರಿ; ನೀರು ಹಾಕಿ ತೊಳೆದರೆ ಉಪ್ಪು ಕರಗಿ ಮತ್ತೆ ಕಲ್ಲಿನೊಳಗೆ ಹೋಗುತ್ತದೆ. ಬೇಸಿಗೆಯಲ್ಲಿ ಗೋಡೆಯನ್ನು ಕೆಲವು ವಾರ ಹಾಗೆಯೇ ಬಿಟ್ಟು ಒಣಗಿಸಿ. ಹೊರಗಡೆ ಗೋಡೆಯ ಬುಡದಲ್ಲಿ ಮಣ್ಣು ಏರಿದ್ದರೆ ಅದನ್ನು ಒಳನೆಲದ ಮಟ್ಟಕ್ಕಿಂತ ಕೆಳಗೆ ಇಳಿಸಿ ಚರಂಡಿ ಮಾಡಿ. ಅನಂತರ ಸುಣ್ಣ ಮತ್ತು ಮರಳಿನ ಗಾರೆಯನ್ನು ತೆಳುವಾಗಿ ಹಾಕಿ. ಆ ಗಾರೆ ಉಳಿದ ಉಪ್ಪನ್ನು ತಾನು ಹೀರಿಕೊಂಡು ಕೆಲವು ವರ್ಷಗಳಲ್ಲಿ ಉದುರುತ್ತದೆ, ಉದುರಬೇಕಾದುದೂ ಅದೇ. ಆಗ ಆ ಮೂರಡಿಯನ್ನು ಮತ್ತೆ ಹಾಕಿದರಾಯಿತು, ಕಲ್ಲು ಉಳಿಯುತ್ತದೆ. ಒಳಗೋಡೆಗಳಿಗೆಲ್ಲ ಸುಣ್ಣ ಬಳಿಯಿರಿ. ಬಿಳಿ ಸುಣ್ಣ ತನ್ನ ಮೇಲೆ ಬಿದ್ದ ಬೆಳಕಿನ ಹೆಚ್ಚಿನ ಪಾಲನ್ನು ಹಿಂದಿರುಗಿಸುವುದರಿಂದ, ಇಷ್ಟು ಕಡಿಮೆ ಖರ್ಚಿನಲ್ಲಿ ಕೋಣೆಯನ್ನು ಬೆಳಗಿಸುವ ಬೇರೆ ವಸ್ತು ನನಗೆ ಗೊತ್ತಿಲ್ಲ.

ಆ ಗೋಡೆಗೆ ತಾಗಿಸಿ ಕಪಾಟು ಇಡಬೇಡಿ. ಒಂದು ಗೇಣು ಜಾಗ ಬಿಡಿ.

ಮಟ್ಟಾಂಚೇರಿ ಕನ್ನಡಿಗ:

ಕೊಚ್ಚಿಯಲ್ಲಿ ಬಹುಕಾಲದಿಂದ ಇದ್ದೇನೆ. 2012ರಲ್ಲಿ ಕೊಚ್ಚಿ-ಮುಝಿರಿಸ್ ಬಿನಾಲೆ ಎಂಬ ಕಲಾ ಪ್ರದರ್ಶನ ಆರಂಭವಾದಾಗಿನಿಂದ ಇಲ್ಲಿನ ಆಸ್ಪಿನ್‌ವಾಲ್ ಹೌಸ್, ಪೆಪ್ಪರ್ ಹೌಸ್‌ನಂಥ ಹಳೆಯ ಸರಕು ಕಟ್ಟಡಗಳು ಕಲೆಯ ಜಾಗಗಳಾಗಿ ಹೆಸರಾಗಿವೆ. ಅವುಗಳನ್ನು ನೋಡಿ ಉತ್ಸಾಹ ಬರುವುದು ಸಹಜ, ನನಗೂ ಬಂದಿತ್ತು. ಆದರೆ ಬಿನಾಲೆ ನಡೆಯುವುದು ಡಿಸೆಂಬರಿನಿಂದ ಕೆಲವು ತಿಂಗಳು, ಮಳೆ ನಿಂತ ಮೇಲೆ. ಪ್ರದರ್ಶನಕ್ಕೆ ಸಾಕಾಗುವ ಕಟ್ಟಡ ಜುಲೈ ತಿಂಗಳಲ್ಲಿ ದಿನಕ್ಕೆ ಎಂಟು ಗಂಟೆ ಕೂತು ದುಡಿಯಲು ಸಾಕಾಗುತ್ತದೆ ಎಂದೇನಿಲ್ಲ. ನೀವು ಆ ಗೋದಾಮನ್ನು ಒಂದು ಸಲವಾದರೂ ಜೋರು ಮಳೆಯ ದಿನ ಒಳಗೆ ನಿಂತು ನೋಡಿ.

ಕಾಗದದ ವಿಚಾರ ಯಾರೂ ಹೇಳಲಿಲ್ಲ. ಮಳೆಗಾಲದಲ್ಲಿ ತೆರೆದ ಗೋದಾಮಿನಲ್ಲಿ ಇಟ್ಟ ಕಾಗದ ತೇವ ಹೀರಿ ಅಲೆಯಲೆಯಾಗುತ್ತದೆ, ಪ್ರಿಂಟರಿನಲ್ಲಿ ಸಿಕ್ಕಿಕೊಳ್ಳುತ್ತದೆ. ಇಡೀ 1,800 ಚದರ ಅಡಿಗೆ ಏಸಿ ಹಾಕುವ ಬದಲು ಮೂಲೆಯಲ್ಲಿ ಹತ್ತಡಿಗೆ ಹತ್ತಡಿಯ ಒಂದು ಕೋಣೆಯನ್ನು ಪ್ಲೈವುಡ್ಡಿನಿಂದ ಕಟ್ಟಿ, ಅದಕ್ಕೇ ಬೇರೆ ಮುಚ್ಚಿಗೆ ಹಾಕಿ, ಸಣ್ಣ ಏಸಿ ಅಥವಾ ತೇವ ಹೀರುವ ಯಂತ್ರ ಇಡಿ. ಕಾಗದ, ಪ್ರಿಂಟರ್, ಹಾರ್ಡ್ ಡಿಸ್ಕ್, ಕ್ಯಾಮೆರಾ ಅಲ್ಲಿರಲಿ. ಮನುಷ್ಯರಿಗೆ ಫ್ಯಾನ್ ಮತ್ತು ಗಾಳಿ ಸಾಕು. ಮಾಡಿನ ಎರಡೂ ತುದಿಯ ತ್ರಿಕೋನ ಗೋಡೆಗಳ ಮೇಲ್ಭಾಗದಲ್ಲಿ ಜಾಲರಿ ಹಾಕಿದ ಕಿಂಡಿ ಬಿಟ್ಟರೆ ಬಿಸಿಗಾಳಿ ಅಲ್ಲಿಂದ ಹೋಗುತ್ತದೆ.

ಮರಗೆಲಸದ ಧೂಳು ಮತ್ತು ಬಟ್ಟೆಯ ಅಚ್ಚು ಒಂದೇ ಜಾಗದಲ್ಲಿ ಆಗದು ಎಂಬುದನ್ನು ಈಗಲೇ ಯೋಚಿಸಿ. ಗರಗಸ ಬಾಗಿಲ ಬಳಿ, ಅಚ್ಚು ಹಿಂಬದಿಯಲ್ಲಿ, ನಡುವೆ ಪೂರ್ಣ ಎತ್ತರದ ಪರದೆ.

ಕರಾರುಪತ್ರ:

ಎಲ್ಲರೂ ಕಟ್ಟಡದ ಬಗ್ಗೆ ಹೇಳಿದಿರಿ. ನಾನು ವಕೀಲಿಕೆಯಲ್ಲಿರುವವಳು; ನನಗೆ ಆತಂಕವಿರುವುದು ಕಾಗದದ ಬಗ್ಗೆ. ಬೇರೆಯವರ ಮಾಡನ್ನು ನಿಮ್ಮ ಹಣದಲ್ಲಿ ಸರಿಪಡಿಸಿದ ಮೇಲೆ 11 ತಿಂಗಳ ಕರಾರು ಮುಗಿಯಿತು ಎಂದು ಹೊರಡಿಸಿದರೆ ನಿಮ್ಮ ಕೈಯಲ್ಲಿ ಏನೂ ಉಳಿಯುವುದಿಲ್ಲ. 1908ರ ನೋಂದಣಿ ಕಾಯ್ದೆಯ 17ನೆಯ ಕಲಮಿನ ಪ್ರಕಾರ ಒಂದು ವರ್ಷಕ್ಕಿಂತ ಹೆಚ್ಚಿನ ಅವಧಿಯ ಗೇಣಿ ಪತ್ರವನ್ನು ಕಡ್ಡಾಯವಾಗಿ ನೋಂದಾಯಿಸಬೇಕು. ಆ ಖರ್ಚನ್ನು ತಪ್ಪಿಸಲೆಂದೇ ಎಲ್ಲರೂ 11 ತಿಂಗಳಿಗೆ ಬರೆಸುತ್ತಾರೆ. ನಿಮ್ಮ ಸಂದರ್ಭದಲ್ಲಿ ಅದು ಉಳಿತಾಯವಲ್ಲ. ಐದು ವರ್ಷಕ್ಕಾದರೂ ಬರೆಸಿ, ನೋಂದಾಯಿಸಿ.

ಪತ್ರದಲ್ಲಿ ಈ ಸಂಗತಿಗಳು ಸ್ಪಷ್ಟವಾಗಿರಲಿ: ಮಾಡು, ಗೋಡೆ, ಒಳಚರಂಡಿಗೆ ಹಾಕಿದ ಹಣ ಬಾಡಿಗೆಯಲ್ಲಿ ತಿಂಗಳಿಗೆ ಎಷ್ಟರಂತೆ ಕಳೆಯುತ್ತದೆ, ಅವಧಿಗೆ ಮುನ್ನ ಯಜಮಾನರೇ ಬಿಡಿಸಿದರೆ ಉಳಿದ ಮೊತ್ತವನ್ನು ಯಾರು, ಎಷ್ಟು ದಿನದೊಳಗೆ ಕೊಡಬೇಕು, ದೀಪ, ಪ್ಲೈವುಡ್ ಕೋಣೆ, ಮೇಜು, ಬೆಳಕು ಹರಡುವ ಹಲಗೆ ನಿಮ್ಮವು, ಬಿಡುವಾಗ ಬಿಚ್ಚಿಕೊಂಡು ಹೋಗುತ್ತೀರಿ. ಇಳಿಸಿದ ಹಂಚಿನಲ್ಲಿ ಚೆನ್ನಾಗಿರುವುದು ಯಾರದು ಎಂಬುದನ್ನೂ ಬರೆಸಿ, ಹಳೆಯ ಹಂಚಿಗೂ ಹಳೆಯ ಮರಕ್ಕೂ ಈಗ ಗಿರಾಕಿಗಳಿದ್ದಾರೆ. ಕಟ್ಟಡ ಕುಟುಂಬದ ಪಾಲಿನಲ್ಲಿದ್ದರೆ ಪಾಲುದಾರರೆಲ್ಲರ ಸಹಿ ಬೇಕು. ಬಂದರಿನ ಹಳೆಯ ಆಸ್ತಿಗಳಲ್ಲಿ ಇದು ಅಪರೂಪವಲ್ಲ.

ಬಾಡಿಗೆಯ ಲೆಕ್ಕ ಹಾಕುವಾಗ ವಾಣಿಜ್ಯ ಬಾಡಿಗೆಯ ಮೇಲಿನ 18% ಜಿಎಸ್‌ಟಿಯನ್ನು ಮರೆಯಬೇಡಿ. ಯಜಮಾನರು ಜಿಎಸ್‌ಟಿ ನೋಂದಣಿ ಮಾಡಿಸಿಲ್ಲದೆ ನೀವು ಮಾಡಿಸಿದ್ದರೆ, 2024ರ ಅಕ್ಟೋಬರ್ 10ರಿಂದ ಆ ತೆರಿಗೆಯನ್ನು ಬಾಡಿಗೆದಾರರೇ ಕಟ್ಟಬೇಕು. ನಿಮ್ಮ ಸೇವೆಗೆ ನೀವು ವಿಧಿಸುವ ತೆರಿಗೆಯ ಎದುರು ಅದನ್ನು ಸಾಮಾನ್ಯವಾಗಿ ಹೊಂದಿಸಿಕೊಳ್ಳಬಹುದು, ಆದರೆ ಪ್ರತಿ ತಿಂಗಳು ಕೈಯಿಂದ ಮೊದಲು ಹೋಗುವ ಹಣ ಅದು. ನಾಲ್ವರೂ ಬೇರೆಬೇರೆಯಾಗಿ ವ್ಯವಹಾರ ಮಾಡುವುದಾದರೆ ಪತ್ರ ಯಾರ ಹೆಸರಿನಲ್ಲಿ ಎಂಬುದನ್ನು ಲೆಕ್ಕಪರಿಶೋಧಕರೊಂದಿಗೆ ಕೂತು ತೀರ್ಮಾನಿಸಿ. ಗೋದಾಮಿನ ಬಳಕೆ ಬದಲಾಗುವುದರಿಂದ ಮಹಾನಗರಪಾಲಿಕೆಯ ಉದ್ದಿಮೆ ಪರವಾನಗಿಯನ್ನೂ ವಿದ್ಯುತ್ ಸಂಪರ್ಕದ ವರ್ಗವನ್ನೂ ಮೊದಲೇ ವಿಚಾರಿಸಿಕೊಳ್ಳಿ.

ಹುಬ್ಬಳ್ಳಿಗಿರಣಿ:

ಶೀಟಿನ ಬಗ್ಗೆ ಮಾಡುಮರ ಅವರ ಮಾತನ್ನು ಒಪ್ಪುತ್ತೇನೆ, ಕರಾವಳಿಯ ಮಳೆ ನಮ್ಮ ಅನುಭವದಲ್ಲಿಲ್ಲ. ಆದರೆ ಬೆಂಕಿಯ ಬಗ್ಗೆ ಹೇಳಲೇಬೇಕು. 2017ರ ಡಿಸೆಂಬರ್ 29ರಂದು ಮುಂಬೈನ ಕಮಲಾ ಮಿಲ್ಸ್ ಆವರಣದಲ್ಲಿ ಬೆಂಕಿ ಬಿದ್ದು 14 ಮಂದಿ ಸತ್ತರು. ಅದೂ ಹಳೆಯ ಗಿರಣಿಯ ಜಾಗ ಹೊಸ ಬಳಕೆಗೆ ಬಂದದ್ದೇ. ನಿಮ್ಮಲ್ಲಿ ಮರದ ಮಾಡು, ಮರದ ಪುಡಿ, ಬಟ್ಟೆ, ಕಾಗದ, ತೆಳುಗೊಳಿಸುವ ದ್ರಾವಣಗಳು ಎಲ್ಲವೂ ಒಂದೇ ಕಡೆ ಇರುತ್ತವೆ. ಬಾಗಿಲು ಒಂದೇ ಇದೆ ಎಂದಿರಿ. ಹಿಂಬದಿಯ ಒಂದು ಕಿಟಕಿಯನ್ನು ನೆಲದವರೆಗೆ ಇಳಿಸಿ ಎರಡನೆಯ ಬಾಗಿಲು ಮಾಡಿಸಿ, ಅದು ಹೊರಗೆ ತೆರೆಯಲಿ, ಅದರ ಮುಂದೆ ಯಾವ ಸಾಮಾನೂ ಬರದಿರಲಿ. ಗೋಡೆಗೆ ಕೈ ಹಾಕುವುದಾದರೆ ಇದೊಂದಕ್ಕೆ ಹಾಕಿ.

ಹಳೆಯ ವೈರಿಂಗನ್ನು ಪೂರ್ತಿ ಕಿತ್ತು ಹಾಕಿ. ಹೊಸದನ್ನು ಗೋಡೆ ಕೊರೆಯದೆ ಮೇಲ್ಮೈಯ ಪೈಪಿನಲ್ಲಿ ಎಳೆಯಿರಿ. 30 ಮಿಲಿ ಆಂಪಿಯರ್‌ನ ಆರ್‌ಸಿಸಿಬಿ (ಕರೆಂಟು ಸೋರಿದರೆ ತಾನೇ ಕಡಿತಗೊಳಿಸುವ ಸ್ವಿಚ್ಚು) ಮತ್ತು ಸರಿಯಾದ ಅರ್ಥಿಂಗ್ ಇಲ್ಲದೆ ಒಂದು ಪ್ಲಗ್ಗನ್ನೂ ಬಳಸಬೇಡಿ.

ಮಾಡುಮರ:

ಎರಡನೆಯ ಬಾಗಿಲಿನ ಮಾತು ಸರಿಯಾಗಿದೆ. ಕಿಟಕಿಯ ಮೇಲಿನ ಲಿಂಟಲ್ (ಅಡ್ಡತೊಲೆ) ಮರದ್ದಾಗಿದ್ದರೆ ಅದನ್ನು ಪರೀಕ್ಷಿಸಿ, ಅಗಲ ಹೆಚ್ಚಿಸದೆ ಕೆಳಗೆ ಮಾತ್ರ ಇಳಿಸಿದರೆ ಗೋಡೆಗೆ ಅಪಾಯವಿಲ್ಲ. ಏಪ್ರಿಲ್, ಮೇ ತಿಂಗಳ ಗುಡುಗು ಸಿಡಿಲಿಗೆ ಕಂಪ್ಯೂಟರ್ ಹೋಗುವುದು ನಮ್ಮಲ್ಲಿ ಮಾಮೂಲು, ಆದ್ದರಿಂದ ಮುಖ್ಯ ಬೋರ್ಡಿನಲ್ಲಿ ಸರ್ಜ್ ಪ್ರೊಟೆಕ್ಟರ್ ಕೂಡ ಇರಲಿ.

ಬಂದರುಬದಿ:

ಎಲ್ಲರಿಗೂ ಮನಃಪೂರ್ವಕ ವಂದನೆಗಳು. ಇಲ್ಲಿನ ಮಾತುಗಳನ್ನು ಮುಂದಿಟ್ಟುಕೊಂಡು ಯಜಮಾನರೊಂದಿಗೆ ಕೂತೆವು. ಐದು ವರ್ಷದ ನೋಂದಾಯಿತ ಪತ್ರಕ್ಕೆ ಅವರು ಒಪ್ಪಿದ್ದಾರೆ. ಮಾಡಿನ ಖರ್ಚಿನ ಅರ್ಧವನ್ನು ಬಾಡಿಗೆಯಲ್ಲಿ ಕಳೆಯುವುದಕ್ಕೆ ಒಪ್ಪಿದರು, ಪೂರ್ತಿಗೆ ಒಪ್ಪಲಿಲ್ಲ. ಪಕ್ಕಾಸಿನ ತುದಿಗಳಲ್ಲಿ ಕೆಲವು ಹೋಗಿವೆ, ನಡುತೊಲೆ ಗಟ್ಟಿಯಾಗಿದೆ ಎಂದು ಬಡಗಿ ಹೇಳಿದ್ದಾರೆ. ಈ ಬೇಸಿಗೆಯಲ್ಲಿ ಮಾಡು, ವೈರಿಂಗ್, ಹಿಂಬಾಗಿಲು ಮತ್ತು ಸುಣ್ಣ, ಇಷ್ಟನ್ನೇ ಮಾಡುತ್ತೇವೆ. ಕಾಗದದ ಕೋಣೆ ಮಳೆಗೆ ಮುನ್ನ ಆಗಬೇಕು. ಸೀಲಿಂಗ್ ಹಂಚನ್ನು ಮುಂದಿನ ವರ್ಷಕ್ಕೆ ಇಟ್ಟುಕೊಂಡಿದ್ದೇವೆ. ನೆಲವನ್ನು ಮುಟ್ಟುತ್ತಿಲ್ಲ.

ಗಾಜಿನ ಹಂಚು ಮೊದಲಿಗೆ 80 ಮಾತ್ರ ತರಿಸುತ್ತಿದ್ದೇವೆ. ಕಡಿಮೆ ಎನಿಸಿದರೆ ಮಣ್ಣಿನ ಹಂಚನ್ನು ಎತ್ತಿ ಇನ್ನಷ್ಟು ಕೂರಿಸಬಹುದಲ್ಲ. ಯಾರಲ್ಲಾದರೂ ಲಕ್ಸ್ ಅಳೆಯುವ ಮೀಟರ್ ಇದ್ದು ಜೂನ್ ತಿಂಗಳಲ್ಲಿ ಒಂದೆರಡು ದಿನದ ಮಟ್ಟಿಗೆ ಕೊಡಲು ಸಾಧ್ಯವಾದರೆ ತಿಳಿಸಿ, ಮೇಜು ಮೇಜಿನ ಅಳತೆಯನ್ನು ಇಲ್ಲಿಯೇ ಹಾಕುತ್ತೇನೆ.